ಸುಗಲಮ್ಮನ ಮೂವತ್ತು ತುಂಡು ಹುಲ್ಲು

ಸುಗಲಮ್ಮನಿಗೆ ಸಿಟ್ಟು ಬಂದರೆ ಹೈದರಾಬಾದಿನ ಮಣಿಕೊಂಡದ ಹನ್ನೆರಡನೇ ಮಹಡಿಯವರೂ ಕಿಟಕಿ ತೆಗೆದು ನೋಡುತ್ತಾರೆ ಎಂದು ಅವಳ ಗಂಡ ಮೌನಪ್ಪ ಹೇಳುತ್ತಿದ್ದ. ಅದರಲ್ಲಿ ಅರ್ಧ ಸುಳ್ಳು, ಅರ್ಧ ಹೆಮ್ಮೆ. ಆದರೆ ಆ ಸೆಪ್ಟೆಂಬರಿನ ಸೋಮವಾರ ಬೆಳಿಗ್ಗೆ ಹುಲ್ಲುಗಾವಲಿನ ಗಾರ್ಡು ತನ್ನ ಫೋನಿಗೆ ಬಂದ ಆದೇಶವನ್ನು ಓದಿ ಹೇಳಿದಾಗ ಅವಳು ಹಾಕಿದ ಕೂಗಿಗೆ ಗೇಟಿನ ಹೊರಗಿದ್ದ ಕುರಿಗಳೆಲ್ಲ ಮೇಯುವುದನ್ನು ಬಿಟ್ಟು ತಲೆ ಎತ್ತಿದವು. ಇದು ಮಾತ್ರ ಪೂರಾ ನಿಜ.

ಆದೇಶ ಇಷ್ಟೇ. ಶುಕ್ರವಾರ ಹುಲ್ಲುಗಾವಲು ನೋಡಿಕೊಳ್ಳುವ ಟ್ರಸ್ಟಿನ ಸಮಿತಿಯವರು ಬಂದು ಜಾಗ ನೋಡಿ ಸಹಿ ಹಾಕುತ್ತಾರೆ. ಶನಿವಾರದಿಂದ ಆ ಮುನ್ನೂರು ಎಕರೆ ಹುಲ್ಲಿನೊಳಗೆ ಕುರಿ, ಮೇಕೆ, ದನ ಯಾವುದೂ ಕಾಲಿಡುವಂತಿಲ್ಲ. ಯಾಕೆ ಎಂದು ಕೇಳಿದರೆ ಗಾರ್ಡು ಪಾಪ, ತೆಲುಗಿನಲ್ಲಿ ಮೆಲ್ಲಗೆ ಹೇಳಿದ: ಕುರಿ ಮೇಯ್ದು ಮೇಯ್ದು ಮಣ್ಣು ಸತ್ತಿದೆಯಂತೆ, ಟ್ರಸ್ಟಿನ ಶಿವಾನಂದ ಸಾರ್ ಹಾಗೆ ಬರೆದಿದ್ದಾರೆ.

ಮೌನಪ್ಪ, ಸುಗಲಮ್ಮ ಇಬ್ಬರೂ ಸುರಪುರದ ಕಡೆಯವರು. ಹದಿನಾಲ್ಕು ವರ್ಷಗಳ ಹಿಂದೆ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬಂದರು. ಮಣಿಕೊಂಡದಲ್ಲಿ ಇವತ್ತು ಕತ್ತು ನೋಯುವಷ್ಟು ಎತ್ತಿ ನೋಡಬೇಕಾದ ಮೂರು ಕಟ್ಟಡಗಳಿಗೆ ಸುಗಲಮ್ಮ ತಲೆಯ ಮೇಲೆ ಸಿಮೆಂಟು ಹೊತ್ತಿದ್ದಾಳೆ. ಆದರೆ ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ. ರಕ್ತ ಸುಮ್ಮನಿರುತ್ತದೆಯೇ? ಎರಡು ಹೆಣ್ಣು ಮರಿ ತಂದು ಶೆಡ್ಡಿನ ಹಿಂದೆ ಕಟ್ಟಿದಳು. ಎರಡು ಹನ್ನೆರಡಾದವು, ಹನ್ನೆರಡು ಐವತ್ತೇಳಾದವು. ಒಂದು ದಿನ ಸಿಮೆಂಟಿನ ಬುಟ್ಟಿ ಕೆಳಗಿಟ್ಟವಳು ಮತ್ತೆ ಅದನ್ನು ಮುಟ್ಟಲಿಲ್ಲ, ಕೋಲು ಹಿಡಿದಳು. ಅಷ್ಟರಲ್ಲಿ ಸುತ್ತಲಿನ ಬಯಲಿಗೆಲ್ಲ ಕಂಪೌಂಡು ಎದ್ದಿತ್ತು. ಕಟ್ಟಡಗಳ ಸಾಲು ಮುಗಿದು ಬಂಡೆಗಲ್ಲು ಶುರುವಾಗುವಲ್ಲಿ, ಆ ಟ್ರಸ್ಟು ತಂತಿ ಬೇಲಿ ಹಾಕಿ ಉಳಿಸಿಕೊಂಡ ಹುಲ್ಲು ಬಿಟ್ಟರೆ ಮಳೆಗಾಲದಲ್ಲಿ ಕುರಿ ಬಾಯಿ ಹಾಕಲು ಎಲ್ಲೂ ಒಂದು ಗೇಣು ಜಾಗ ಇರಲಿಲ್ಲ. ಆ ಗೇಟು ಮುಚ್ಚಿತೆಂದರೆ ಐವತ್ತೇಳೂ ಕಸಾಯಿಖಾನೆಯ ಲಾರಿ ಹತ್ತಬೇಕು. ಹೆಸರಿಟ್ಟು ಸಾಕಿದ ಕುರಿಗಳವು.

"ಮಣ್ಣು ಸತ್ತೈತಂತ! ಬೇಗಂಪೇಟಿ ಆಫೀಸಿನಾಗ ಕುಂತು ಮಣ್ಣಿನ ನಾಡಿ ಹಿಡದಾನೇನ್ ಇಂವಾ?" ಎಂದು ಸುಗಲಮ್ಮ ಕೋಲಿನಿಂದ ನೆಲಕ್ಕೆ ಕುಟ್ಟಿದಳು.

ಅಷ್ಟರಲ್ಲಿ ಸ್ಕೂಟರಿನಲ್ಲಿ ರಶ್ಮಿ ಬಂದಳು. ರಶ್ಮಿ ಮಣ್ಣಿನ ವಿಜ್ಞಾನಿ. ಅವಳ ಅಜ್ಜ ಬಸವಕಲ್ಯಾಣದಿಂದ ಬಂದು ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಮನೆಯಲ್ಲಿ ಇವತ್ತಿಗೂ ಕನ್ನಡವೇ. ಮೂರು ವರ್ಷಗಳ ಹಿಂದೆ ಇದೇ ಗೇಟಿನಲ್ಲಿ ಸುಗಲಮ್ಮ ಒಂದು ಟಗರಿಗೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದಾಗ, ಆ ಬೈಗುಳದ ಒಂದೊಂದು ಅಕ್ಷರವೂ ಅರ್ಥವಾಗಿ ಬಿದ್ದು ಬಿದ್ದು ನಕ್ಕವಳು ಇವಳೊಬ್ಬಳೇ. ಅಂದಿನಿಂದ ರಶ್ಮಿಗೆ ಸುಗಲಮ್ಮ ಅಕ್ಕ, ಸುಗಲಮ್ಮನಿಗೆ ರಶ್ಮಿ ಅಕ್ಕೋರು.

ಇವತ್ತು ರಶ್ಮಿಯ ಮುಖದಲ್ಲಿ ನಗುವಿರಲಿಲ್ಲ. "ಅಕ್ಕಾ, ಒಂದು ಗುದ್ದಲಿ ತಗೊಂಡು ಬಾ. ನನ್ನ ಮಾನ ಹೋಗಾಕತ್ತೈತಿ."

"ನಿಮ್ಮ ಮಾನ ಆಮ್ಯಾಲ ನೋಡೋಣಂತ್ರಿ. ನನ್ನ ಕುರಿ ಹೊಂಟಾವು ಲಾರಿಗೆ."

"ಎರಡೂ ಒಂದ ಗಂಟಿನಾಗ ಅದಾವು. ಬಾ ಅಂದ್ರ ಬಾ."

ಗಂಟು ಏನೆಂದರೆ, ಕುರಿ ಹೆಚ್ಚು ಮೇಯ್ದರೆ ಮಣ್ಣಿಗೆ ಏನಾಗುತ್ತದೆ ಎಂದು ತಿಳಿಯಲು ಟ್ರಸ್ಟು ರಶ್ಮಿಯಿಂದ ಒಂದು ಪರೀಕ್ಷೆ ಮಾಡಿಸಿತ್ತು. ಹತ್ತತ್ತು ಎಕರೆಯ ನಾಲ್ಕು ಹೊಲ, ನಾಲ್ಕಕ್ಕೂ ಬೇಲಿ. ಮೊದಲನೆಯದಕ್ಕೆ ಒಂದು ಕುರಿಯೂ ಇಲ್ಲ. ಎರಡನೆಯದಕ್ಕೆ ಸುಗಲಮ್ಮನ ಹತ್ತು ಕುರಿ. ಮೂರನೆಯದಕ್ಕೆ ಅವಳವೇ ನಲವತ್ತು. ನಾಲ್ಕನೆಯದಕ್ಕೂ ನಲವತ್ತು, ಆದರೆ ಅವು ಟ್ರಸ್ಟಿನ ಕುರಿ. ಗಾರ್ಡುಗಳು ಬೆಳಿಗ್ಗೆ ಬಿಟ್ಟು ಸಂಜೆ ಹೊಡೆದುಕೊಂಡು ಹೋಗುವಂಥವು. ಮಳೆ ಶುರುವಾದಾಗಿನಿಂದ ಸಂಕ್ರಾಂತಿಯವರೆಗೆ ಮೇಯಿಸಬೇಕು, ಹೀಗೆ ಮೂರು ವರ್ಷ. ಫಲಿತಾಂಶ ಬರುವವರೆಗೆಂದು ಈ ಮಳೆಗಾಲವೂ ಅದೇ ನಡೆದಿತ್ತು. ಗೇಟಿನ ಪುಸ್ತಕದಲ್ಲಿ ದಿನಾ ತಲೆ ಎಣಿಸಿ ಬರೆಯುತ್ತಿದ್ದರು. ರಶ್ಮಿ ವರ್ಷಕ್ಕೊಮ್ಮೆ, ಕುರಿ ಹೊರಗೆ ಹೋದ ಮೇಲೆ ಬಂದು ಮಣ್ಣು ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದಳು.

ಮೂರೂ ವರ್ಷದ ಚೀಲಗಳ ಫಲಿತಾಂಶ ಒಟ್ಟಿಗೆ ಹೊರಬಿದ್ದದ್ದು ಮೊನ್ನೆ ಶನಿವಾರ. ನಾಲ್ಕನೆಯ ಹೊಲದ ಮಣ್ಣು ಎಲ್ಲರೂ ಎಣಿಸಿದಂತೆಯೇ ಹಾಳು: ಗಟ್ಟಿ, ಬಿಳಿಚು, ಜೀವಾಂಶವಿಲ್ಲ. ಆದರೆ ಅಷ್ಟೇ ಕುರಿ ಮೇಯ್ದ ಮೂರನೆಯದು ಹತ್ತು ಕುರಿಯ ಹೊಲಕ್ಕಿಂತಲೂ ಚೆನ್ನಾಗಿತ್ತು. ಕುರಿಯೇ ಇಲ್ಲದ ಹೊಲಕ್ಕೆ ಹೆಚ್ಚುಕಡಿಮೆ ಸರಿಸಮವಾಗಿ ನಿಂತಿತ್ತು. ಟ್ರಸ್ಟಿನ ವ್ಯವಸ್ಥಾಪಕ ಶಿವಾನಂದ ಅದನ್ನು ನೋಡಿದವನೇ, ಚೀಲ ಅದಲುಬದಲಾಗಿದೆ, ಆ ಸಾಲು ಹೊಡೆದುಹಾಕಿ, ಉಳಿದದ್ದು ಸಾಕು, ಕುರಿ ಕೆಟ್ಟದ್ದು ಎಂದು ಬರೆದು ಕಳಿಸಿಬಿಟ್ಟಿದ್ದ.

"ನಾನು ಚೀಲ ಅದಲಬದಲ ಮಾಡೀನಂತ. ಮಾಡಿದ್ರ ಮಾಡಿರಬೇಕು ಅಂತ ನನಗೂ ಅನಸಾಕತ್ತೈತಿ. ಅಗದು ನೋಡೇಬಿಡೋಣ," ಎಂದಳು ರಶ್ಮಿ.

ಮೊದಲು ನಾಲ್ಕನೆಯ ಹೊಲದಲ್ಲಿ ಅಗೆದರು. ಗುದ್ದಲಿ ಠಣ್ ಎಂದಿತು. ಕೈ ಜುಮ್ಮೆಂದಿತು. ಆಮೇಲೆ ಬೇಲಿ ದಾಟಿ ಮೂರನೆಯದಕ್ಕೆ ಬಂದು ಅಗೆದರೆ ಗುದ್ದಲಿ ಮೆತ್ತಗೆ ಇಳಿಯಿತು. ಅದೇ ಕೆಂಪು ಗರಸು ನೆಲ, ಆದರೆ ಮೇಲಿನ ಒಂದು ಗೇಣು ಕಪ್ಪಾಗಿ, ಉದುರುದುರಾಗಿ, ಬೇರು ತುಂಬಿಕೊಂಡಿತ್ತು. ಒಂದು ಸಗಣಿ ಹುಳ ಕುರಿಯ ಹಿಕ್ಕೆಯನ್ನು ಉರುಳಿಸಿಕೊಂಡು ಗುಂಡಿಯ ಅಂಚಿಗೆ ಬಂದು, ಇಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಸುತ್ತು ಹಾಕಿ ಹೋಯಿತು.

ರಶ್ಮಿ ಮಣ್ಣು ಹಿಡಿದು ಕುಕ್ಕರುಗಾಲಿನಲ್ಲೇ ಕೂತುಬಿಟ್ಟಳು. "ಚೀಲ ಬದಲಾಗಿಲ್ಲ. ಅಕ್ಕಾ, ಖರೇ ಹೇಳು. ಇಲ್ಲಿ ನಲವತ್ತು ಕುರಿ ಬಿಟ್ಟೀಯೋ ಇಲ್ಲೋ?"

"ಬಿಟ್ಟೀನಿ. ಪುಸ್ತಕದಾಗ ಬರದಾರಲ್ಲ."

"ಮತ್ತ ಹಿಂಗ ಹ್ಯಾಂಗ ಆತು?"

"ಹಿಂಗಂದ್ರ? ಹುಲ್ಲು ಮೇಸೋದು ಹ್ಯಾಂಗೋ ಹಂಗ ಮೇಸೀನಿ. ದಿನಾ ಬಲಿ ಕಿತ್ತು ಮುಂದ ಹಾಕೀನಿ."

ಬಲೆ! ರಶ್ಮಿ ಕಣ್ಣು ಕಣ್ಣು ಬಿಟ್ಟಳು. ಸುಗಲಮ್ಮ ಕೋಲಿನ ತುದಿಯಿಂದ ನೆಲದ ಮೇಲೆ ಗೀರು ಎಳೆದು ತೋರಿಸಿದಳು. ಹತ್ತು ಎಕರೆಗೆ ಮೂವತ್ತು ತುಂಡು. ದಿನಕ್ಕೊಂದು ತುಂಡಿಗೆ ಸುತ್ತ ಬಲೆ ಕಟ್ಟಿ ನಲವತ್ತನ್ನೂ ಅದರೊಳಗೇ ಬಿಡುವುದು. ಮರುದಿನ ಬಲೆ ಕಿತ್ತು ಪಕ್ಕದ ತುಂಡಿಗೆ. ಹತ್ತು ಕುರಿಗೆ ಹತ್ತು ಎಕರೆ ಧಾರಾಳವಾಯಿತೆಂದು ಎರಡನೆಯ ಹೊಲದಲ್ಲಿ ಮಾತ್ರ ಬಲೆ ಹಾಕಿರಲಿಲ್ಲ. ಮೊದಲ ತುಂಡಿಗೆ ಮತ್ತೆ ಕುರಿಯ ಬಾಯಿ ತಾಗುವುದು ತಿಂಗಳಾದ ಮೇಲೆ. ಸಂಜೆ ಆ ಬಲೆಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದಳು. ಸಂಕ್ರಾಂತಿಯ ನಂತರ ಬಂದ ರಶ್ಮಿಗೆ ಕಾಣಲು ಅಲ್ಲಿ ಏನೂ ಉಳಿದಿರುತ್ತಿರಲಿಲ್ಲ.

"ನಿನಗ ಹಿಂಗ ಮಾಡಂತ ಯಾರು ಹೇಳಿದ್ರು?" ರಶ್ಮಿಯ ದನಿ ಏರಿತು. "ಕುರಿ ಹತ್ತೂ ಎಕರೆದಾಗ ದಿನಾ ಅಡ್ಡಾಡಬೇಕಾಗಿತ್ತು! ನೆಲ ಕೆಡಲಿ ಅಂತನ ಅಷ್ಟು ಕುರಿ ಬಿಟ್ಟಿದ್ದು! ಮೂರು ವರ್ಷ, ಅಕ್ಕಾ! ನನ್ನ ಮೂರು ವರ್ಷದ ಕೆಲಸ ಮಣ್ಣುಪಾಲು ಮಾಡಿಬಿಟ್ಟೆಲ್ಲ!"

ಬೈಸಿಕೊಂಡು ಸುಮ್ಮನಿರುವ ಹೆಂಗಸಲ್ಲ ಸುಗಲಮ್ಮ. ಆದರೂ ಮೊದಲು ತಾನು ನೆಲದ ಮೇಲೆ ಎಳೆದ ಗೀರುಗಳನ್ನೇ ಇನ್ನೊಮ್ಮೆ ನೋಡಿದಳು. ನೆಲ ಕೆಡಲಿ ಎಂದು ಕುರಿ ಬಿಡುವುದೆಂದರೇನು? ಅವರ ಕಡೆ ಕುರಿ ಕೂಡುವ ಹಟ್ಟಿಯನ್ನು ಒಂದೇ ಜಾಗದಲ್ಲಿ ಎರಡು ದಿನ ಇಟ್ಟರೆ ಹಿರಿಯರು ಮೈಗಳ್ಳಿ ಎಂದು ಜರೆಯುತ್ತಿದ್ದರು, ಅಂಥ ಹುಡುಗಿಯನ್ನು ಕುರಿ ಇದ್ದ ಮನೆಗೆ ತಂದುಕೊಳ್ಳುತ್ತಿರಲಿಲ್ಲ. ನಲವತ್ತು ಕುರಿ ಹಾಕು ಎಂದರು, ಹಾಕಿದಳು. ಜಾಗ ಬದಲಿಸಬೇಡ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಅವಳಿಗೆ ಅದು ತಲೆಗೆ ಹೋಗುತ್ತಿರಲಿಲ್ಲ.

"ನೋಡ ತಂಗಿ," ಎಂದಳು ಕೊನೆಗೆ. ಅಕ್ಕೋರು ಎಂಬುದು ಎಲ್ಲಿಯೋ ಬಿದ್ದುಹೋಗಿತ್ತು. "ನೆಲಾ ಕೆಡಸೂ ಕೆಲಸ ಬೇಕಿದ್ರ ಬ್ಯಾರೇದವರನ್ನ ಕರೀಬೇಕಾಗಿತ್ತು ನೀನು. ನಂಗ ಅದು ಬರಂಗಿಲ್ಲ. ಹುಲ್ಲಿಗೂ ಉಸುರು ತಗೊಳಾಕ ಹೊತ್ತು ಬೇಕು. ಇವತ್ತು ಚಿವುಟಿದ್ದನ್ನ ನಾಳೀನೂ ಚಿವುಟಿದ್ರ ಬೇರು ಎಲ್ಲಿಂದ ಬರ್ತಾವು?"

ಗಾಳಿಗೆ ಹುಲ್ಲು ಸರಸರ ಎಂದಿತು. ರಶ್ಮಿ ಬೇಲಿಯ ಆಚೆ ನೋಡುತ್ತಿದ್ದಳು, ಈಚೆ ನೋಡುತ್ತಿದ್ದಳು. ಆಚೆ ನಾಲ್ಕನೆಯ ಹೊಲ, ನಲವತ್ತು ಕುರಿ, ಬೋಳು. ಈಚೆ ಮೂರನೆಯ ಹೊಲ, ನಲವತ್ತು ಕುರಿ, ಮೊಣಕಾಲುದ್ದ ಹುಲ್ಲು. ಅದೇ ಮಳೆ, ಅದೇ ಗರಸು, ಅಷ್ಟೇ ಬಾಯಿ, ಅಷ್ಟೇ ಗೊರಸು. ನಡುವೆ ಒಂದು ತಂತಿ ಮತ್ತು ಸುಗಲಮ್ಮನ ಹೆಗಲ ಮೇಲಿನ ಬಲೆ.

"ಅಯ್ಯ ನನ್ನ ಬುದ್ಧೀನ!" ಎಂದು ರಶ್ಮಿ ತನ್ನ ಹಣೆಗೆ ತಾನೇ ಬಡಿದುಕೊಂಡಳು. ಕೈಗೆ ಮೆತ್ತಿದ್ದ ಮಣ್ಣೆಲ್ಲ ಹಣೆಗೆ ಅಂಟಿತು. "ನೀ ನನ್ನ ಪರೀಕ್ಷಾ ಕೆಡಸಿಲ್ಲ ಅಕ್ಕಾ. ನಾನು ಕೇಳದ ಬಿಟ್ಟಿದ್ದ ಪ್ರಶ್ನಿಗೆ ಉತ್ತರಾ ಬರದಿಟ್ಟೀದಿ. ಕುರಿ ಎಷ್ಟು ಅನ್ನೋದೊಂದ ಅಲ್ಲ, ಹುಲ್ಲಿಗೆ ಎಷ್ಟು ದಿನಾ ಬಿಡುವು ಅನ್ನೋದೂ ಐತಿ. ನಾನೂ ಒಂದು ದಿನ ಮುಂಜಾನೆ ಬಂದು ನೋಡಬೇಕಾಗಿತ್ತು. ತಪ್ಪು ನಂದು."

"ಅದಿರಲಿ. ಗೇಟು ಮುಚ್ಚೂದು ನಿಲ್ತೈತೇನು, ಅದನ್ನ ಹೇಳು."

ನಿಲ್ಲುವುದು ಸುಲಭವಿರಲಿಲ್ಲ. ವರದಿ ಮುಗಿದಿದೆ, ಹೊಸದೇನೂ ಸೇರಿಸುವುದಿಲ್ಲ ಎಂದು ಶಿವಾನಂದ ಫೋನಿನಲ್ಲೇ ಹೇಳಿಬಿಟ್ಟ. ಕೆಟ್ಟ ಮನುಷ್ಯನಲ್ಲ ಆತ. ಹುಲ್ಲು ಉಳಿಯಲಿ ಎಂಬ ಆಸೆ ಅವನಿಗೂ ಇತ್ತು. ಆದರೆ ಒಮ್ಮೆ ಬರೆದದ್ದನ್ನು ಹೊಡೆದುಹಾಕುವುದೆಂದರೆ ಅವನಿಗೆ ಹಲ್ಲು ಕಿತ್ತಷ್ಟು ಕಷ್ಟ. ಸಮಿತಿಯವರು ಹೊಲಗಳ ನಡುವೆ ಅರ್ಧ ಗಂಟೆ ಅಡ್ಡಾಡುತ್ತಾರೆ, ಆಗ ಏನಾದರೂ ತೋರಿಸಿದರೆ ತೋರಿಸಬಹುದು ಎಂಬುದೊಂದೇ ದಾರಿ ಉಳಿದಿತ್ತು.

"ಕಾಗದಾ ತೋರಿಸಿದ್ರ ಕಾಗದದ ಮ್ಯಾಲ ಜಗಳಾ ಮಾಡ್ತಾರ. ನೀರು ತೋರ್ಸೋಣ," ಎಂದಳು ರಶ್ಮಿ. "ಮಣ್ಣು ಆರೋಗ್ಯ ಇದ್ರ ನೀರು ಗಟಗಟ ಕುಡೀತೈತಿ."

ಮೌನಪ್ಪ ಕೆಲಸದ ಸೈಟಿನಿಂದ ಡಾಂಬರಿನ ಹಳೇ ಡ್ರಮ್ಮು ತಂದು ಅಡ್ಡಡ್ಡ ಕೊಯ್ದು ನಾಲ್ಕು ಬಳೆ ಮಾಡಿಕೊಟ್ಟ. ಬಳೆಯನ್ನು ಎರಡು ಬೆರಳು ನೆಲಕ್ಕೆ ಹೊಡೆಯುವುದು, ಒಳಗೆ ಒಂದು ಬಕೆಟ್ ನೀರು ಸುರಿಯುವುದು, ಎಷ್ಟು ನಿಮಿಷಕ್ಕೆ ಇಂಗುತ್ತದೆ ನೋಡುವುದು. ಬುಧವಾರ ಇಬ್ಬರೂ ಸೇರಿ ಇಪ್ಪತ್ತು ದಿನ ಬಿಡುವು ಪಡೆದ ತುಂಡಿನಲ್ಲಿ ಹೊಡೆದು ನೋಡಿದರು. ಐದು ನಿಮಿಷಕ್ಕೆ ಬಳೆ ಖಾಲಿ. ಅವತ್ತು ಸುಗಲಮ್ಮ ಕುರಿಗಳಿಗೆ ಹಾಡು ಹೇಳುತ್ತ ಮನೆಗೆ ಹೋದಳು, ಕೆಟ್ಟ ಕಂಠದಲ್ಲಿ.

ಶುಕ್ರವಾರ ಹತ್ತು ಗಂಟೆಗೆ ಎರಡು ಕಾರು ಬಂದವು. ಸಮಿತಿಯ ಅಧ್ಯಕ್ಷೆ ಬಿಳಿ ಕೂದಲಿನ ತೆಲುಗು ಹೆಂಗಸು, ಮಾತು ಕಡಿಮೆ. ಅವರ ಹಿಂದೆ ಮೂರು ಜನ ಸದಸ್ಯರು, ಶಿವಾನಂದ ಮತ್ತು ಅವನ ಕೈಯ ಫೈಲು. ರಶ್ಮಿ ಹೇಳಬೇಕಾದ್ದನ್ನೆಲ್ಲ ತೆಲುಗಿನಲ್ಲಿ ಹೇಳಿದಳು, ತನ್ನ ತಪ್ಪನ್ನೂ ಬಿಡದೆ. ಶಿವಾನಂದ ನಕ್ಕ. ಪರೀಕ್ಷೆಯೇ ಕೆಟ್ಟಿದೆ ಎಂದು ಇವರೇ ಒಪ್ಪಿಕೊಂಡರಲ್ಲ, ಇನ್ನೇನು ಎಂದ. ಅಧ್ಯಕ್ಷೆ ಅವನ ಕಡೆ ತಿರುಗದೆ, ನೀರು ಹಾಕಿ ನೋಡೋಣ ಎಂದರು.

"ಆದರೆ ಜಾಗ ನಾನು ಆರಿಸುತ್ತೇನೆ," ಎಂದ ಶಿವಾನಂದ. ನ್ಯಾಯವಾದ ಮಾತೇ. ಅವನು ಮೂರನೆಯ ಹೊಲದ ಉದ್ದಕ್ಕೂ ನಡೆದು, ಹಿಂದಿನ ದಿನವಷ್ಟೇ ಕುರಿ ಮೇಯ್ದ ತುಂಡಿನ ನಟ್ಟನಡುವೆ ಬೂಟುಗಾಲು ಊರಿ ನಿಂತ. ಗೊರಸಿನ ಗುರುತು ಹಸಿಹಸಿಯಾಗಿತ್ತು. ಹುಲ್ಲು ನಾಲ್ಕು ಬೆರಳಿಗೆ ಇಳಿದಿತ್ತು, ಎಲ್ಲ ಕಡೆ ಹಿಕ್ಕೆ. "ಇಲ್ಲಿ."

ಸುಗಲಮ್ಮ ಅವನ ಬೂಟಿನ ಸುತ್ತಲಿನ ನೆಲ ನೋಡಿದಳು. ಬುಧವಾರ ಇಂಥ ತುಂಡಿನಲ್ಲಿ ನೋಡಿರಲಿಲ್ಲ. ನಲವತ್ತು ಕುರಿ ಒಂದು ದಿನ ಪೂರ್ತಿ ತುಳಿದ ನೆಲ. ಬೇಡ ಎಂದರೆ ಸೋತಂತೆ, ಹೂಂ ಎಂದರೆ ಏನಾಗುವುದೋ! ಕಣ್ಣ ಮುಂದೆ ಲಾರಿ ಬಂದು ನಿಂತಂತಾಯಿತು, ಅದರ ಹಲಗೆಯ ಸಂದಿಯಿಂದ ಕುರಿಗಳ ಮೂತಿ ಕಂಡಂತಾಯಿತು. ರಶ್ಮಿ ಅವಳ ಮುಖ ನೋಡಿದಳು.

"ಹೊಡೀರಿ ಬಳಿ," ಎಂದಳು ಸುಗಲಮ್ಮ. "ನಾ ಹೆದರಂಗಿಲ್ಲ."

ನಾಲ್ಕೂ ಹೊಲದಲ್ಲಿ ಬಳೆ ಹೊಡೆದು, ಮೂರನೆಯದು ಬಿಟ್ಟು ಉಳಿದವಕ್ಕೆ ಒಬ್ಬೊಬ್ಬ ಸದಸ್ಯರನ್ನು ಕಾವಲಿಗೆ ನಿಲ್ಲಿಸಿ, ಶಿಳ್ಳೆ ಹೊಡೆದು ಒಂದೇ ಸಲ ನೀರು ಸುರಿದರು. ಮೂರನೆಯದರ ಹತ್ತಿರ ಅಧ್ಯಕ್ಷೆ ಫೋನಿನಲ್ಲಿ ನಿಮಿಷ ಎಣಿಸುತ್ತ ನಿಂತರು. ಮೊದಲ ನಿಮಿಷ ನೀರು ಕೆಂಪಗೆ ಮಿಸುಕಾಡಿತು, ಇಳಿಯಲಿಲ್ಲ. ಎರಡನೆಯ ನಿಮಿಷವೂ ಹಾಗೇ ಕಂಡಿತು. ಶಿವಾನಂದ ಫೈಲನ್ನು ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ದಾಟಿಸಿದ. ಸುಗಲಮ್ಮ ಮನೆದೇವರನ್ನೂ ತವರಿನ ದೇವರನ್ನೂ ಒಟ್ಟಿಗೆ ಕರೆದಳು.

ಮೂರನೆಯ ನಿಮಿಷಕ್ಕೆ ಒಂದು ಗುಳ್ಳೆ ಎದ್ದಿತು. ಇನ್ನೊಂದು. ಆಮೇಲೆ ಗುಳುಗುಳು ಎಂದು ಸಾಲಾಗಿ ಎದ್ದವು. ಬೇರಿನ ಸಂದಿಯಿಂದ, ಸಗಣಿ ಹುಳ ಕೊರೆದ ತೂತಿನಿಂದ ಗಾಳಿ ಮೇಲೆ ಬರುತ್ತಿತ್ತು, ನೀರು ಕೆಳಗೆ ಹೋಗುತ್ತಿತ್ತು. ಬಳೆಯ ಗೋಡೆಯ ಮೇಲೆ ಒದ್ದೆ ಗೆರೆ ಮಾತ್ರ ಉಳಿದು ನೀರು ಕಣ್ಣೆದುರೇ ಇಳಿಯಿತು. ಎಂಟನೆಯ ನಿಮಿಷಕ್ಕೆ ಹುಲ್ಲಿನ ಬುಡ ಕಂಡಿತು. ಅಷ್ಟರಲ್ಲಿ ಮೊದಲನೆಯ ಹೊಲದಿಂದ ಕೂಗು ಬಂತು: ಅಲ್ಲಿ ಆರು ನಿಮಿಷಕ್ಕೆ ಮುಗಿದಿತ್ತು. ಹತ್ತು ಕುರಿಯ ಹೊಲದಿಂದ ಒಂಬತ್ತು ಎಂದರು.

ನಾಲ್ಕನೆಯ ಹೊಲದಿಂದ ಕೂಗೇ ಬರಲಿಲ್ಲ. ಎಲ್ಲರೂ ಅಲ್ಲಿಗೇ ನಡೆದರು. ಹದಿನೈದು ನಿಮಿಷವಾಯಿತು, ಇಪ್ಪತ್ತಾಯಿತು, ಅರ್ಧ ಗಂಟೆಯಾಯಿತು. ಬಳೆಯೊಳಗೆ ನೀರು ಕದಲದೆ ನಿಂತಿತ್ತು. ಅಧ್ಯಕ್ಷೆ ಬಗ್ಗಿ ಅದರಲ್ಲಿ ಬೆರಳು ಅದ್ದಿ ನೋಡಿದರು.

"ಅಯ್ಯ ಶಿವನ, ಇಷ್ಟು ಫರಕ್ ಐತೇನು!" ಎಂದ ಶಿವಾನಂದ.

ಸುಗಲಮ್ಮ ಗಕ್ಕನೆ ತಿರುಗಿದಳು. ಮೂರು ವರ್ಷ ತನ್ನೊಡನೆ ತೆಲುಗು ಬಿಟ್ಟು ಬೇರೆ ಮಾತಾಡದ ಮನುಷ್ಯ! "ಯವ್ವಾ, ಸಾಹೇಬ್ರು ನಮ್ಮವರ!" ಎಂದು ಚಪ್ಪಾಳೆ ತಟ್ಟಿ ನಕ್ಕಳು. ಶಿವಾನಂದನ ಕಿವಿ ಕೆಂಪಾದವು. ತಾಯಿಯ ಊರು ಆಳಂದ ಎಂದು ಗೊಣಗಿದ. ಆಮೇಲೆ, ಅವನ ಮರ್ಯಾದೆಗೆ ಇದನ್ನು ಹೇಳಲೇಬೇಕು, ತಾನೇ ಬಗ್ಗಿ ಆ ಎರಡೂ ಹೊಲದ ಮಣ್ಣನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಪ್ಯಾಂಟಿನ ಮೊಣಕಾಲು ಕೊಳೆಯಾದದ್ದನ್ನು ಕೊಡವಲಿಲ್ಲ.

"ಆದರೂ ಕುರಿ ಇಲ್ಲದ ಹೊಲವೇ ಎರಡು ನಿಮಿಷ ಮುಂದಿದೆಯಲ್ಲ," ಎಂದ ಒಬ್ಬ ಸದಸ್ಯ.

ರಶ್ಮಿ ಬಾಯಿ ತೆರೆಯುವ ಮೊದಲೇ ಸುಗಲಮ್ಮ ಎಲ್ಲರನ್ನೂ ಆ ಹೊಲಕ್ಕೆ ಕರೆದೊಯ್ದಳು. ಮೂರು ವರ್ಷದ ಒಣ ಹುಲ್ಲು ಚಾಪೆಯಂತೆ ಹೆಣೆದುಕೊಂಡಿತ್ತು. ಅವಳು ಅದನ್ನು ಎರಡು ಕೈಯಿಂದ ಎತ್ತಿ ಹಿಡಿದಳು. ಕೆಳಗಿನ ಎಳೆ ಹುಲ್ಲು ಬೆಳಕಿಲ್ಲದೆ ಹಳದಿಯಾಗಿ ಮಲಗಿತ್ತು.

"ಮಣ್ಣು ಚಲೋ ಐತಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಹುಲ್ಲು ಉಸುರು ಕಟ್ಟಾಕತ್ತೈತಿ. ಬ್ಯಾಸಗ್ಯಾಗ ಯಾರರ ಬೀಡಿ ಒಗದ್ರ ಮುನ್ನೂರೂ ಎಕರೆ ಹೋಗ್ತೈತ್ರಿ. ಕುರಿ ಬ್ಯಾಡ ಅಂತೀರಿ. ಇದನ್ನ ಕತ್ತರಸಾಕ ನೀವು ಬರ್ತೀರೇನು?"

ರಶ್ಮಿ ಅದನ್ನು ತೆಲುಗಿಗೆ ತಿರುಗಿಸಿದಳು, ಕೊನೆಯ ಪ್ರಶ್ನೆಯನ್ನೂ ಬಿಡದೆ. ಅಧ್ಯಕ್ಷೆ ಮೊದಲ ಸಲ ನಕ್ಕರು. ಶಿವಾನಂದನ ಕೈಯಿಂದ ಫೈಲು ತೆಗೆದುಕೊಂಡು, ಸಹಿಗೆ ಇಟ್ಟ ಹಾಳೆಯನ್ನು ಅಡ್ಡಗೀಟಿನಿಂದ ಹೊಡೆದುಹಾಕಿ, ಹಿಂದುಗಡೆಯ ಖಾಲಿ ಬದಿಯನ್ನು ಅವನ ಮುಂದೆ ಹಿಡಿದರು. ಹೊಸ ನಿಯಮ ಬರೆಯಿರಿ, ಈ ಹೆಂಗಸು ಹೇಳಿದಂತೆ ಬರೆಯಿರಿ, ಮುನ್ನೂರು ಎಕರೆಯ ಮೇವೂ ಇನ್ನು ಇವರ ಕೈಯಲ್ಲಿ ಎಂದರು.

ಸುಗಲಮ್ಮನಿಗೆ ಅಳು ಬಂತು. ಅಳುವುದಕ್ಕೆ ಇದು ಹೊತ್ತಲ್ಲವೆಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಒಂದಕ್ಷರ ಓದಲು ಬಾರದ ಹೆಂಗಸು ಕೋಲಿಗೆ ಗದ್ದ ಊರಿ ಹೇಳತೊಡಗಿದಳು, ಬೇಗಂಪೇಟೆಯ ಸಾಹೇಬ ಒಂದು ಬಂಡೆಯ ಮೇಲೆ ಹಾಳೆ ಇಟ್ಟು ಬರೆದುಕೊಳ್ಳತೊಡಗಿದ.

"ಬರ್ಕೊಳ್ರಿ ಸಾಹೇಬ್ರ. ಒಂದು ತುಂಡಿಗೆ ಒಂದ ದಿನ. ತಿಂಗಳಾಗೂ ತನಕ ಹೊಳ್ಳಿ ಬರಂಗಿಲ್ಲ. ಮಳಿ ಕಡಿಮಿ ಆದ್ರ ಎರಡು ತಿಂಗಳು. ಹುಲ್ಲು ನಾಕು ಬೆರಳಿಗೆ ಇಳದ್ರ ಕುರಿ ಹೊರಗ, ಅವು ನನ್ನ ಕುರಿ ಇದ್ರೂ ಅಷ್ಟ. ಬರದ್ರಿ?"

"ಬರದೆ. ಮತ್ತ ನಾಲ್ಕನೇ ಹೊಲ? ಅದು ಸತ್ತ ನೆಲಾ. ಬಿಟ್ಟುಬಿಡೋಣ," ಎಂದ ಶಿವಾನಂದ.

"ಅದನ್ನ ಮೊದಲು ನಂಗ ಕೊಡ್ರಿ."

ಎಲ್ಲರೂ ಅವಳನ್ನೇ ನೋಡಿದರು. ರಶ್ಮಿಯೂ.

"ಎರಡು ಮಳಿಗಾಲ ಅದ್ರಾಗ ಒಂದು ಕುರಿನೂ ಬಾಯಿ ಹಾಕಂಗಿಲ್ಲ. ಬರೇ ರಾತ್ರಿ ಹಟ್ಟಿ ಹಾಕ್ತೀನಿ, ದಿನಕ್ಕೊಂದು ಜಾಗಾ. ಹಿಕ್ಕಿ ಬೀಳ್ತೈತಿ, ಗಂಜಲಾ ಇಳೀತೈತಿ. ಮೂರನೇ ಮಳಿಗಾಲಕ್ಕ ಇದ ಬಳಿ ತಂದು ಅಲ್ಲೇ ಹೊಡೀರಿ. ನೆಲಾ ಸಾಯಂಗಿಲ್ರಿ ಸಾಹೇಬ್ರ. ದಣೀತೈತಿ ಅಷ್ಟ."

ಶಿವಾನಂದ ಅದನ್ನೂ ಬರೆದುಕೊಂಡ. ಅಧ್ಯಕ್ಷೆ ಸಹಿ ಹಾಕಿದರು. ಒಂದು ಸಲ ಪೂರ್ತಿ ಓದಿ ಹೇಳಬೇಕು ಎಂದಳು ಸುಗಲಮ್ಮ. ಅವನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಕನ್ನಡದಲ್ಲೇ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ. ಅವಳು ಒಂದೊಂದು ಮಾತಿಗೂ ತಲೆ ಆಡಿಸಿದಳು, ಎಲ್ಲಿಯೂ ತಪ್ಪು ಸಿಗಲಿಲ್ಲ. ಬೇಲಿಯ ಹೊರಗೆ ಮೌನಪ್ಪ ಹಿಡಿದು ನಿಲ್ಲಿಸಿದ್ದ ಐವತ್ತೇಳು ಕುರಿಗಳು ಬೆಳಿಗ್ಗೆಯಿಂದ ಹಸಿದು ಒದರುತ್ತಿದ್ದವು.

"ಹಾಂ, ಬರೋಬರಿ ಐತಿ," ಎಂದಳು ಸುಗಲಮ್ಮ. "ಈಗ ಗೇಟು ತಗೀರಿ ಸಾಹೇಬ್ರ. ಇವತ್ತಿನ ತುಂಡಿಗೆ ಆಗಲೇ ತಡಾ ಆಗೇತಿ."